ಚುಟ್ಟಾ ಕಾರ್ಖಾನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದವಳು

ಆಲ್ವೀನೆ ಕ್ನೋಲ್ಮನ್ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಚುಟ್ಟಾ ಸುತ್ತುವ ಕೆಲಸ. ಊರಿನಲ್ಲಿ ಅವಳು ಹೆಸರಾಗಿದ್ದದ್ದು ಮಾತ್ರ ದನಿಗೆ. ಹೋಲ್ಟ್‌ಕಾಂಪಿನ ರೋಟ್‌ಹೋಫ್ ಕಾರ್ಖಾನೆಯ ಮೇಲ್ಮಹಡಿಯಲ್ಲಿ ನಾವೆಲ್ಲ ಉದ್ದನೆಯ ಮೇಜುಗಳ ಮುಂದೆ ಸಾಲಾಗಿ ಕೂತಿರುತ್ತಿದ್ದೆವು, ಹೆಂಗಸರೇ ಹೆಚ್ಚು. ಚುಟ್ಟಾ ಸುತ್ತುವುದಕ್ಕೆ ಕೈ ಬೇಕು, ಅರ್ಧ ಕಣ್ಣು ಬೇಕು, ಕಿವಿ ಬೇಕಾಗಿಲ್ಲ. ಯಂತ್ರದ ಸದ್ದಂತೂ ಇಲ್ಲವೇ ಇಲ್ಲ. ಹಾಗಾಗಿ ಅಜ್ಜಂದಿರ ಕಾಲದಿಂದಲೂ ಒಂದು ಪದ್ಧತಿ ಇತ್ತು: ಒಬ್ಬರು ಪತ್ರಿಕೆ ಹಿಡಿದು ಗಟ್ಟಿಯಾಗಿ ಓದುವುದು, ಉಳಿದವರು ಅವರ ಪಾಲಿನ ಚುಟ್ಟಾವನ್ನೂ ಸುತ್ತಿಕೊಡುವುದು. ಸುತ್ತಲಿನ ಊರುಗಳಲ್ಲಿ ಇದು ಯಾವತ್ತೋ ನಿಂತುಹೋಗಿತ್ತು. ನಮ್ಮಲ್ಲಿ ಉಳಿದದ್ದು ಆಲ್ವೀನಕ್ಕನಿಂದ.

ನಾನು ಲೀನಾ ಊಪ್‌ಮೈಯರ್. ಶಾಲೆ ಬಿಟ್ಟ ವಸಂತದಲ್ಲೇ ಅವಳ ಪಕ್ಕಕ್ಕೆ ಬಂದು ಕೂತವಳು. ನಾನು ಒಳಗಿನ ಚೂರೆಲೆಗಳನ್ನು ಕಟ್ಟಿ ಕೊಡಬೇಕು, ಅವಳು ಅದಕ್ಕೆ ಮೇಲಿನ ನಯವಾದ ಎಲೆ ಸುತ್ತಬೇಕು. ಎತ್ತರದ ಹೆಂಗಸು, ಅಗಲ ಭುಜ, ಕೂದಲನ್ನು ಬಿಗಿಯಾಗಿ ಎಳೆದು ಕಟ್ಟಿದ ಗಂಟು. ಗಂಡ ಹಿಂದಿನ ಯುದ್ಧದಲ್ಲಿ ಫ್ರಾನ್ಸಿನ ಮಣ್ಣಿನಲ್ಲಿ ಸತ್ತಿದ್ದ, ಮಕ್ಕಳಿರಲಿಲ್ಲ. ಮನೆಯ ಹಿಂದೆ ಒಂದು ಆಲೂಗಡ್ಡೆ ಪಾತಿ, ಎರಡು ಆಡು, ಒಂದು ಸೈಕಲ್. ಉಳಿದದ್ದೆಲ್ಲ ಅವಳಿಗೆ ಕಾರ್ಮಿಕರ ಸಂಘವೇ.

ಮೊದಲ ವಾರ ನಾನು ಕೇಳಿದ್ದೆ: "ಆಲ್ವೀನಕ್ಕ, ಸಂಘ ಅಂದ್ರೆ ಏನು? ನಮ್ಮಮ್ಮ ಸೇರ್ಕೋ ಅಂದ್ಲು, ಯಾಕೆ ಅಂತ ಹೇಳ್ಲಿಲ್ಲ."

ಅವಳು ಕೈಯಲ್ಲಿದ್ದ ಎಲೆಯಿಂದ ತಲೆ ಎತ್ತಲಿಲ್ಲ. "ನಾನು ಓದ್ತಾ ಕೂತಾಗ ನನ್ನ ಪಾಲಿನ ಚುಟ್ಟಾ ಯಾರು ಸುತ್ತುತ್ತಾರೆ?"

"ನಾವೆಲ್ಲ."

"ಅದೇ ಕಣೇ ಸಂಘ. ಉಳಿದದ್ದೆಲ್ಲ ಬರೀ ಚಂದಾ ರಸೀದಿ."

ಅವಳು ಓದುವ ರೀತಿಯೇ ಬೇರೆ. ಸಂಸತ್ತಿನ ಜಗಳವನ್ನು ಓದಿದರೆ ನಾವು ಅಲ್ಲೇ ಹಿಂದಿನ ಬೆಂಚಿನಲ್ಲಿ ಕೂತಂತೆ ಇರುತ್ತಿತ್ತು. ಧಾರಾವಾಹಿ ಕಥೆ ಓದಿದರೆ ಇಡೀ ಸಾಲು ಮೂಗು ಒರೆಸಿಕೊಳ್ಳುತ್ತಿತ್ತು. ಒಂದು ಸಲ ಯಜಮಾನರು ಎಲೆ ಒಣಗಿಬಿಡುತ್ತದೆ ಎಂದು ಕಿಟಕಿಗಳಿಗೆ ಮೊಳೆ ಹೊಡೆಸಿದ್ದರು. ಧೂಳಿನಲ್ಲಿ ಕೆಮ್ಮಿ ಕೆಮ್ಮಿ ಸಾಯುವಂತಾಗಿತ್ತು. ಬಾಗಿಲ ಹಿಂದೆ ಸರ್ಕಾರದ ಕಾರ್ಖಾನೆ ನಿಯಮಗಳ ಹಾಳೆಯೊಂದನ್ನು ಅಂಟಿಸಿದ್ದರು. ಯಾರೂ ಅತ್ತ ನೋಡುತ್ತಿರಲಿಲ್ಲ. ಆಲ್ವೀನಕ್ಕ ದಿನಾ ಬೆಳಿಗ್ಗೆ ಪತ್ರಿಕೆಗೆ ಮೊದಲು ಅದನ್ನೇ ಓದತೊಡಗಿದಳು, ಗಾಳಿ ಬೆಳಕಿನ ಕಲಮಿನಿಂದ ಹಿಡಿದು ಅಧಿಕಾರಿಯ ಸಹಿಯವರೆಗೆ. ಕೊನೆಗೆ ಯಜಮಾನ ರೋಟ್‌ಹೋಫರೇ ಏದುಸಿರು ಬಿಡುತ್ತ ಮೇಲೆ ಬಂದರು.

"ಅದನ್ನೇ ಓದಿ ಓದಿ ನಿನಗೆ ಬೇಜಾರಾಗಲ್ವೇನಮ್ಮ?"

"ಆಗತ್ತೆ ಯಜಮಾನ್ರೇ. ಕಿಟಕಿ ತೆಗೆದ ದಿನ ಬೇರೆ ಏನಾದ್ರೂ ಓದ್ತೀನಿ."

ಮಧ್ಯಾಹ್ನದೊಳಗೆ ಬಡಗಿ ಇಕ್ಕಳ ಹಿಡಿದು ಬಂದ.

ಇನ್ನೊಬ್ಬನನ್ನು ಇಲ್ಲೇ ಹೇಳಿಬಿಡಬೇಕು. ಏವಾಲ್ಡ್ ಸ್ಟ್ರಾಟ್‌ಕೋಟರ್. ಕೆಳಗಿನ ಮಹಡಿಯಲ್ಲಿ ಚುಟ್ಟಾಗಳನ್ನು ಬಣ್ಣದ ಪ್ರಕಾರ ವಿಂಗಡಿಸುವವನು. ಕಾರ್ಮಿಕರ ಹಾಡಿನ ತಂಡದಲ್ಲಿ ಅವನದೇ ಒಳ್ಳೆಯ ಕಂಠ. 'ಕರಡಿ' ಹೋಟೆಲಿನ ಹಿಂದೆ ಸಂಘದ ಕೋಣೆ ಇತ್ತಲ್ಲ, ಅದರ ಬೀಗದ ಕೈ ಅವನ ಹತ್ತಿರವೇ ಇರುತ್ತಿತ್ತು; ಅಷ್ಟು ನಂಬಿಕೆಯ ಮನುಷ್ಯ. ಆರ್ಥಿಕ ಕುಸಿತದ ವರ್ಷಗಳಲ್ಲಿ ಮೊದಲು ಕೆಲಸ ಕಳೆದುಕೊಂಡವರಲ್ಲಿ ಅವನೂ ಒಬ್ಬ. ಬಹಳ ದಿನ ಮನೆಯಲ್ಲಿ ಕೂತ. ಹಾಡುವುದು ಬಿಟ್ಟ. ಆಮೇಲೆ ಒಂದು ದಿನ ಹಿಟ್ಲರನ ಪಕ್ಷದ ಕಂದು ಅಂಗಿ ಹಾಕಿಕೊಂಡು ಪೇಟೆಯಲ್ಲಿ ಕಾಣಿಸಿಕೊಂಡ. ಅವರು ಅವನಿಗೆ ಬಿಸಿ ಸೂಪು ಕೊಟ್ಟರಂತೆ, ಬೂಟು ಕೊಟ್ಟರಂತೆ.

ಆಲ್ವೀನಕ್ಕ ಬೇಕರಿಯ ಮುಂದೆ ಅವನನ್ನು ತಡೆದು ನಿಲ್ಲಿಸಿದಳು. "ಬೂಟು ಚೆನ್ನಾಗಿದೆ ಏವಾಲ್ಡ್. ಯಾರ ಬೆನ್ನ ಮೇಲೆ ಇಡೋಕೆ?"

"ನಿನ್ನ ಸಂಘ ನನಗೆ ಏನು ಕೊಡ್ತು ಹೇಳು."

"ನಿನ್ನ ಸಂಘ ಅಂತೀಯಲ್ಲೋ. ಕೀಲಿ ಇನ್ನೂ ನಿನ್ನ ಜೇಬಲ್ಲೇ ಇದೆ."

ಅವನು ಜೇಬು ಮುಟ್ಟಿ ನೋಡಿಕೊಂಡ. ಕೊಡಲಿಲ್ಲ, ಅವಳೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ಆಮೇಲೆ ತುಂಬ ಸಲ ಹೇಳಿದ್ದಾಳೆ.

ಮೂವತ್ತಮೂರರ ಚಳಿಗಾಲದಲ್ಲಿ ಹಿಟ್ಲರ್ ಗದ್ದುಗೆ ಹಿಡಿದ. ನಮ್ಮ ಪತ್ರಿಕೆ ಮಾರ್ಚ್ ಹೊತ್ತಿಗೆ ನಿಂತೇಹೋಯಿತು. ಮೇ ದಿನ ಬಂತು. ಈ ಸಲ ಅದು ಸರ್ಕಾರದ ಹಬ್ಬ, ಎಲ್ಲರೂ ಯಜಮಾನರ ಹಿಂದೆ ಸಾಲುಕಟ್ಟಿ ನಡೆಯಬೇಕು ಎಂದು ಅಪ್ಪಣೆಯಾಯಿತು. ನಮ್ಮ ಸಂಘದ ದೊಡ್ಡವರೂ ರಾಜಧಾನಿಯಿಂದ ಹೇಳಿ ಕಳಿಸಿದರು: ಹೋಗಿ, ನಡೆಯಿರಿ, ತಗ್ಗಿ ಬಗ್ಗಿ ಇದ್ದರೆ ಉಳಿದುಕೊಳ್ಳುತ್ತೇವೆ. ಆಲ್ವೀನಕ್ಕ ಅದನ್ನೂ ನಮಗೆ ಗಟ್ಟಿಯಾಗಿಯೇ ಓದಿದಳು. ಓದಿ, ಮಡಚಿ, ಕಿಟಕಿಯ ಹಲಗೆಯ ಮೇಲಿಟ್ಟಳು. "ದೊಡ್ಡೋರು ನಡೀರಿ ಅಂದಿದಾರೆ. ನನ್ನ ಕಾಲು ಕೇಳ್ತಿಲ್ಲ," ಎಂದಳು.

ಮೆರವಣಿಗೆ ಹೋಗುವ ರಸ್ತೆಗೆ ಅವಳ ಆಲೂಗಡ್ಡೆ ಪಾತಿ ಅಂಟಿಕೊಂಡೇ ಇತ್ತು. ಬ್ಯಾಂಡು, ಬಾವುಟ, ಮುಂದೆ ಯಜಮಾನರು, ಅವರ ಹಿಂದೆ ಅಳುಮುಖ ಮಾಡಿಕೊಂಡು ನಾವು. ಪಾತಿಯ ಹತ್ತಿರ ಬಂದಾಗ ನೋಡುತ್ತೇವೆ: ಆಲ್ವೀನಕ್ಕ ಹಳೆಯ ಲಂಗ ಮೊಣಕಾಲಿಗೆ ಎತ್ತಿ ಕಟ್ಟಿ, ನಮಗೆ ಬೆನ್ನು ಮಾಡಿ, ಸೊಂಟ ಬಗ್ಗಿಸಿ ಬೀಜದ ಗಡ್ಡೆ ಊರುತ್ತಿದ್ದಾಳೆ. ಬ್ಯಾಂಡು ಬಾರಿಸುವವರಿಗೂ, ಬಾವುಟ ಹಿಡಿದವರಿಗೂ ಕಾಣುತ್ತಿದ್ದದ್ದು ಅವಳ ಹಿಂಭಾಗ ಮಾತ್ರ. ಮೆರವಣಿಗೆ ಪೂರ್ತಿ ದಾಟುವವರೆಗೆ ಅವಳು ಸೊಂಟ ನೆಟ್ಟಗೆ ಮಾಡಲಿಲ್ಲ. ನನ್ನ ಪಕ್ಕದಲ್ಲಿ ನಡೆಯುತ್ತಿದ್ದ ಮುದುಕಿ ಡೊರೆಟೆ ನಗು ತಡೆಯಲಾರದೆ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಅವಳು ಎಲೆಯ ನಡುದಂಟು ತೆಗೆಯುವ ಕೆಲಸದವಳು, ಬಾಯಿ ಜೋರು.

ಮರುದಿನ ಬೆಳಿಗ್ಗೆ ಕಂದು ಅಂಗಿಯವರು ದೇಶದ ಎಲ್ಲ ಸಂಘಗಳ ಕಚೇರಿಗೂ ನುಗ್ಗಿದರು. ಮೆರವಣಿಗೆಯಲ್ಲಿ ನಡೆದ ಸಂಘಗಳಿಗೂ ಬೀಗ, ನಡೆಯದ ಸಂಘಗಳಿಗೂ ಬೀಗ. ನಮ್ಮೂರಿನಲ್ಲಿ ಬಾಗಿಲು ಒಡೆಯುವ ಪ್ರಮೇಯವೇ ಬರಲಿಲ್ಲ. ಏವಾಲ್ಡ್ ಕೀಲಿ ಹಾಕಿ ತೆಗೆದುಕೊಟ್ಟ.

ಆ ಬೇಸಿಗೆಯಲ್ಲಿ ಅವನು ಕಾರ್ಖಾನೆಗೆ ಮರಳಿದ, ಈಗ ಪಕ್ಷದ ಪರವಾಗಿ ನಮ್ಮ ಮೇಲ್ವಿಚಾರಕ. ಮೇಲ್ಮಹಡಿಗೆ ಬಂದು ಹೇಳಿದ: "ಓದೋದು ಮುಂದುವರೀಲಿ. ನಾವೇನೂ ಕಾರ್ಮಿಕರ ಶತ್ರುಗಳಲ್ಲ. ಆದ್ರೆ ಇನ್ನು ಮೇಲೆ ಈ ಪತ್ರಿಕೆ." ಪಕ್ಷದ ಪತ್ರಿಕೆಯನ್ನು ಆಲ್ವೀನಕ್ಕನ ಮುಂದೆ ಇಟ್ಟ. ಅವಳು ಒಲ್ಲೆ ಎನ್ನುತ್ತಾಳೆಂದು ಕಾದುಕೊಂಡಿದ್ದನೋ ಏನೋ. ಅವಳು ಕನ್ನಡಕ ಹಾಕಿಕೊಂಡು, "ಸರಿ, ಓದ್ತೀನಿ. ಒಂದಕ್ಷರ ಬಿಡಲ್ಲ," ಎಂದಳು.

ಬಿಡಲೂ ಇಲ್ಲ. ಆ ಪತ್ರಿಕೆಯಲ್ಲಿ ಭಾಷಣಗಳ ನಡುವೆ ಆವರಣ ಚಿಹ್ನೆ ಹಾಕಿ ಜನ ಏನು ಮಾಡಿದರು ಎಂದೂ ಅಚ್ಚು ಮಾಡುತ್ತಿದ್ದರು. ಆಲ್ವೀನಕ್ಕ ಸಂತೆಯಲ್ಲಿ ಕೋಸಿನ ದರ ಓದುವ ದನಿಯಲ್ಲಿ ಓದುತ್ತ ಹೋದಳು: "ಜರ್ಮನ್ ಕಾರ್ಮಿಕ ಇಂದು ಸ್ವತಂತ್ರನಾಗಿದ್ದಾನೆ. ಆವರಣ ಶುರು. ಬಿರುಗಾಳಿಯಂಥ ಚಪ್ಪಾಳೆ. ಆವರಣ ಮುಗಿಯಿತು. ಅವನ ಮುಖದಲ್ಲಿ ನಗು ಮರಳಿದೆ. ಆವರಣ ಶುರು. ನಿಮಿಷಗಟ್ಟಲೆ ಜಯಘೋಷ. ಆವರಣ ಮುಗಿಯಿತು."

ಮೊದಲು ಡೊರೆಟೆಯ ಭುಜ ಅಲ್ಲಾಡಿತು. ಆಮೇಲೆ ಸಾಲು ಸಾಲೇ ಅಲ್ಲಾಡಿತು. ಯಾರೂ ಬಾಯಿ ಬಿಟ್ಟು ನಗಲಿಲ್ಲ. ತಲೆ ತಗ್ಗಿಸಿ, ಎಲೆ ಸುತ್ತುತ್ತಲೇ, ಕಣ್ಣಲ್ಲಿ ನೀರು ಬರುವವರೆಗೆ ಉಸಿರು ಹಿಡಿದು ನಕ್ಕೆವು. ಸ್ವಲ್ಪ ದಿನದಲ್ಲೇ "ಆವರಣ ಶುರು" ಎನ್ನುವುದು ಊರಿನ ಮಾತಾಗಿಬಿಟ್ಟಿತು. ಗಂಡ ಕುಡಿದು ಬಂದು ದೊಡ್ಡ ಮಾತಾಡಿದರೆ ಹೆಂಡತಿ, "ಆವರಣ ಶುರು!" ಎನ್ನುವುದು.

ಏವಾಲ್ಡ್ ಕೆಂಪಗಾಗಿ ಬಂದ. "ಸರಿಯಾಗಿ ಓದು!"

"ಯಾವ ಅಕ್ಷರ ತಪ್ಪಿದೆ ತೋರಿಸಪ್ಪ. ಇಗೋ, ಇಲ್ಲೇ ಅಚ್ಚಾಗಿದೆ. ಬಿಟ್ಟು ಓದಿದ್ರೆ ಚಪ್ಪಾಳೆ ನುಂಗಿಹಾಕಿದ್ಲು ಅಂತ ನನ್ನನ್ನೇ ಹಿಡ್ಕೊಂಡು ಹೋಗ್ತೀರಿ."

ಬೇರೆ ದಾರಿ ಕಾಣದೆ ಅವರು ಓದುವುದನ್ನೇ ನಿಷೇಧಿಸಿದರು. ಬದಲಿಗೆ ಗೋಡೆಗೆ ರೇಡಿಯೋ ಬಂತು. ಭಾಷಣ ಶುರುವಾದ ಕೂಡಲೇ ನಮಗೆಲ್ಲ ಕೆಮ್ಮು. ಹೊಗೆಸೊಪ್ಪಿನ ಧೂಳು, ಯಾರನ್ನು ದೂರುವುದು?

ಮುಂದಿನ ವಸಂತದಲ್ಲಿ ಹೊಸ ಕಾನೂನು ಬಂತು. ಯಜಮಾನರು ಇನ್ನು ಮೇಲೆ 'ನಾಯಕ', ನಾವು 'ಹಿಂಬಾಲಕರು'. ಊಟದ ಹೊತ್ತಿಗೆ ಆಲ್ವೀನಕ್ಕ ಕಪ್ಪು ರೊಟ್ಟಿಗೆ ಬೀಟ್‌ರೂಟ್ ಪಾಕ ಹಚ್ಚುತ್ತ ಹೇಳಿದಳು: "ನಿನ್ನೆವರೆಗೂ ಕೆಲಸದವಳಾಗಿದ್ದೆ. ಇವತ್ತು ಹಿಂಬಾಲಕಿ. ಎಲ್ಲಿಗೆ ಹೋಗ್ತಿದೀವಿ ಅಂತ ಮಾತ್ರ ಯಾರೂ ಬಾಯಿ ಬಿಡ್ತಿಲ್ಲ."

ನಮ್ಮ ಪರವಾಗಿ ಮಾತಾಡುವ ಸಮಿತಿಯೊಂದನ್ನು ಯಜಮಾನರೂ ಪಕ್ಷದವರೂ ಕೂಡಿ ಆರಿಸಿಬಿಟ್ಟಿದ್ದರು. ಮೊದಲ ಹೆಸರು ಏವಾಲ್ಡನದು. ನಾವು ಮತ ಹಾಕಿ ಒಪ್ಪಬೇಕು, ಅಷ್ಟೆ. ಚೀಟಿ ಕೊಟ್ಟರು, ಜೊತೆಗೆ ಒಂದು ಪೆನ್ಸಿಲನ್ನೂ ಕೊಟ್ಟರು. ಬೇಡದ ಹೆಸರು ಹೊಡೆದುಹಾಕಬಹುದು ಎಂದು ಕಾನೂನಿನಲ್ಲೇ ಬರೆದಿತ್ತು, ಯಾರೂ ಹಾಗೆ ಮಾಡಲಾರರೆಂಬ ಧೈರ್ಯದಿಂದ. ಆಲ್ವೀನಕ್ಕ ಯಾರಿಗೂ ಏನೂ ಹೇಳಿಕೊಡಲಿಲ್ಲ. ಮತದಾನದ ಹಿಂದಿನ ದಿನ ಮೆಟ್ಟಿಲಿಳಿಯುವಾಗ ಡೊರೆಟೆಗೆ ಎಲ್ಲರಿಗೂ ಕೇಳುವಂತೆ ಇಷ್ಟು ಅಂದಳು: "ಪೆನ್ಸಿಲ್ ಕೊಡ್ತಾರಂತೆ ಕಣೇ. ಕೊಟ್ಟಿದ್ದನ್ನ ಬಳಸದೇ ಇರೋದು ಮರ್ಯಾದೆ ಅಲ್ಲ."

ಮತ ಎಣಿಸಿದರು. ಕೆಳಗೆ ಚುಟ್ಟಾ ಪೆಟ್ಟಿಗೆ ಕಟ್ಟುವ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿದರು. ಯಜಮಾನರು ಖಾಲಿ ಪೆಟ್ಟಿಗೆಯೊಂದರ ಮೇಲೆ ನಿಂತು, ಹಿಂಬಾಲಕರು ಸಮಿತಿಯಲ್ಲಿ ತಮ್ಮ ವಿಶ್ವಾಸವನ್ನು ತೋರಿಸಿದ್ದಾರೆ, ಎಲ್ಲರಿಗೂ ವಂದನೆ, ಕೆಲಸಕ್ಕೆ ಹೋಗಿ ಎಂದರು. ಜನ ತಿರುಗಿದರು. ಆಗ ಹಿಂದಿನಿಂದ ಆ ದನಿ ಬಂತು, ಮೇಲ್ಮಹಡಿ ಪೂರ್ತಿ ತುಂಬುತ್ತಿದ್ದ ದನಿ:

"ಎಷ್ಟು?"

ಯಜಮಾನರು ಕೇಳಿಸದವರಂತೆ ಪೆಟ್ಟಿಗೆಯಿಂದ ಇಳಿಯಲು ಕಾಲು ಚಾಚಿದರು.

"ಎಷ್ಟು ಜನ ವಿಶ್ವಾಸ ತೋರಿಸಿದ್ರು ಯಜಮಾನ್ರೇ? ಹೇಳಿ, ನಾವೂ ಸಂತೋಷ ಪಡ್ತೀವಿ."

"ಅದು... ತೃಪ್ತಿಕರವಾಗಿದೆ."

"ತೃಪ್ತಿಕರ ಅನ್ನೋದು ಎಷ್ಟು?"

ಏವಾಲ್ಡ್ ಕೂಗಿದ: "ಬಾಯ್ ಮುಚ್ಚೇ!"

"ನೀನು ಹೇಳಪ್ಪ ಏವಾಲ್ಡ್. ನಿನ್ನ ಹೆಸರು ಮೊದಲು ಇತ್ತು. ಎಷ್ಟು?"

ಉತ್ತರ ಬರಲಿಲ್ಲ. ಆ ಮೌನದಲ್ಲಿ ನಮಗೆಲ್ಲ ಉತ್ತರ ಸಿಕ್ಕಿತು. ಅಲ್ಲಿಯವರೆಗೆ ಪ್ರತಿಯೊಬ್ಬಳೂ ಹೆಸರು ಹೊಡೆದುಹಾಕಿದವಳು ತಾನೊಬ್ಬಳೇ ಎಂದುಕೊಂಡಿದ್ದಳು. ಈಗ ಪಕ್ಕದವಳ ಮುಖ ನೋಡಿದಳು, ಪಕ್ಕದವಳು ಅವಳ ಮುಖ ನೋಡಿದಳು. ಹೀಗೆ ನೋಡಿಕೊಂಡು ಮೆಟ್ಟಿಲು ಹತ್ತಿದೆವು.

ಅಂದೇ ಸಂಜೆ ಆಲ್ವೀನಕ್ಕನ ಕೆಲಸ ಹೋಯಿತು. ಆದರೆ ಆ ಮಾತು ಹೋಗಲಿಲ್ಲ. ಏವಾಲ್ಡ್ ಬೇಕರಿಗೆ ಹೋದರೆ ಹೆಂಗಸರು ಬೇಕರಿಯವನನ್ನು ಕೇಳುವರು, "ರೊಟ್ಟಿ ಎಷ್ಟು?" ಕೇಳಿ ಅವನ ಮುಖ ನೋಡುವರು. ಕ್ಷೌರದಂಗಡಿಗೆ ಹೋದರೆ, "ಗಡ್ಡಕ್ಕೆ ಎಷ್ಟು?" ಇಗರ್ಜಿಯಿಂದ ಹೊರಬಂದರೆ ಯಾರೋ ಯಾರನ್ನೋ, "ಈಗ ಗಂಟೆ ಎಷ್ಟಾಯ್ತು?" ಎಷ್ಟು ಎಂದು ಕೇಳಿದವರನ್ನೆಲ್ಲ ಹಿಡಿದು ಒಳಗೆ ಹಾಕುವುದು ಹೇಗೆ? ಅವನ ಹೆಂಡತಿ ಪಾಪ ಸಂತೆಗೆ ಬರುವುದನ್ನೇ ಬಿಟ್ಟಳು. ಮರುವರ್ಷ ಇನ್ನೊಮ್ಮೆ ಮತದಾನ ನಡೆಯಿತು. ಸಂಖ್ಯೆ ಆಗಲೂ ಹೊರಬರಲಿಲ್ಲ. ಅಲ್ಲಿಗೆ ಅಂಥ ಮತದಾನವನ್ನೇ ದೇಶದಲ್ಲಿ ನಿಲ್ಲಿಸಿಬಿಟ್ಟರು.

ಆ ಎರಡನೆಯ ಮತದಾನದ ಹೊತ್ತಿಗೆ ಆಲ್ವೀನಕ್ಕ ಜೈಲಿನಲ್ಲಿದ್ದಳು.

ಕೆಲಸ ಹೋದ ಮೇಲೆ ಅವಳು ಅಡುಗೆಮನೆಯಲ್ಲೇ ಓದು ಶುರುಮಾಡಿದ್ದಳು. ಭಾನುವಾರ ಮಧ್ಯಾಹ್ನ ನಾವು ನಾಲ್ಕಾರು ಜನ ಕಾಫಿಯ ನೆಪದಲ್ಲಿ ಹೋಗುತ್ತಿದ್ದೆವು. ಕಾಫಿ ಎಂದರೆ ಹುರಿದ ಬಾರ್ಲಿ. ಹಾಲೆಂಡಿನಿಂದ ಬರುವ ಹೊಗೆಸೊಪ್ಪಿನ ಮೂಟೆಗಳಲ್ಲಿ ಅಲ್ಲಿನ ಸಂಘದವರು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಕಾಗದದಲ್ಲಿ ಅಚ್ಚಾದ ಪತ್ರಿಕೆ ಸೇರಿಸಿ ಕಳಿಸುತ್ತಿದ್ದರು. ಮೂಟೆ ಬಿಚ್ಚುವ ಕೆಲಸವೂ ಡೊರೆಟೆಯದೇ. ಅವಳ ದಪ್ಪ ಉಣ್ಣೆ ಕಾಲುಚೀಲದಲ್ಲಿ ಅದು ಊರು ದಾಟಿ ಬರುತ್ತಿತ್ತು. ಯಾವ ಊರಿನಲ್ಲಿ ಯಾರನ್ನು ಹಿಡಿದರು, ಯಾವ ಕಾರ್ಖಾನೆಯಲ್ಲಿ ಕೆಲಸ ನಿಲ್ಲಿಸಿದರು, ಎಲ್ಲ ಅದರಲ್ಲಿ ಇರುತ್ತಿತ್ತು.

ಪೋಲೀಸರಿಗೆ ಯಾರು ಸುಳಿವು ಕೊಟ್ಟರೋ ಇವತ್ತಿಗೂ ಗೊತ್ತಿಲ್ಲ. ಒಂದು ಭಾನುವಾರ ಬಾಗಿಲು ಧಡಾರನೆ ತೆರೆಯಿತು. ಇಬ್ಬರು ಪೋಲೀಸರು, ಒಬ್ಬ ಮಫ್ತಿಯವನು. ಆಲ್ವೀನಕ್ಕ ವಾಕ್ಯದ ನಡುವೆ ಇದ್ದಳು. ಬೆರಳಿಟ್ಟುಕೊಂಡು ಆ ವಾಕ್ಯ ಮುಗಿಸಿದಳು, ಆಮೇಲೆ ಕನ್ನಡಕ ತೆಗೆದಳು.

"ಇವರಿಗೆಲ್ಲ ಓದಿ ಹೇಳ್ತಿದ್ಯಾ?" ಎಂದ ಮಫ್ತಿಯವನು.

"ಇವರು ಆಡಿನ ಹಾಲಿಗೆ ಬಂದೋರು. ನಾನು ನನಗೇ ಓದ್ಕೊಳ್ತಿದ್ದೆ."

"ಇಷ್ಟು ಗಟ್ಟಿಯಾಗಾ?"

"ಕಿವಿ ಮಂದ ಸ್ವಾಮಿ."

ಎಷ್ಟು ಕೇಳಿದರೂ ಅದೇ ಮಾತು. ನಮ್ಮನ್ನೂ ಠಾಣೆಗೆ ಕರೆದೊಯ್ದರು. ನಾವೂ ಹಾಲು, ಹಾಲು ಎಂದೆವು. ಎರಡು ದಿನ ಇಟ್ಟುಕೊಂಡು ಬಿಟ್ಟರು. ಅವಳನ್ನು ಬಿಡಲಿಲ್ಲ. ಮೂಟೆ ಎಲ್ಲಿಂದ, ಯಾರ ಕೈಯಿಂದ ಎಂದು ಕೇಳಿದರು. ಒಬ್ಬ ಅಧಿಕಾರಿ, "ಊರಿಗೆಲ್ಲ ಕೇಳೋ ಗಂಟಲು ಇದೇನಾ?" ಎಂದು ಕೇಳಿ, ಅಂಗೈ ಅಂಚಿನಿಂದ ಗಂಟಲಿಗೆ ಹೊಡೆದನಂತೆ. ಒಂದು ಸಲವಲ್ಲ. ಇದನ್ನು ಅವಳು ನನಗೆ ಹೇಳಿದ್ದು ಜೀವಮಾನದಲ್ಲಿ ಒಂದೇ ಬಾರಿ, ಅದೂ ಆಡಿಗೆ ಹುಲ್ಲು ಹಾಕುತ್ತ, ನನ್ನ ಕಡೆ ನೋಡದೆ. ಡೊರೆಟೆಯ ಹೆಸರು ಅವಳ ಬಾಯಿಂದ ಬರಲಿಲ್ಲ. ಡೊರೆಟೆ ಬಹಳ ವರ್ಷಗಳ ಮೇಲೆ ತನ್ನ ಹಾಸಿಗೆಯಲ್ಲೇ, ಮೊಮ್ಮಕ್ಕಳ ನಡುವೆ ಸತ್ತಳು ಎನ್ನುವುದು ಇದಕ್ಕೆ ಸಾಕ್ಷಿ.

ವಿಚಾರಣೆಗೆ ನಾನು ರೈಲು ಹತ್ತಿ ಹೋದೆ. ಅವಳನ್ನು ತಂದು ನಿಲ್ಲಿಸಿದಾಗ ಬಟ್ಟೆ ದೊಡ್ಡದಾಗಿ ಕಂಡಿತು, ಭುಜ ಮಾತ್ರ ಅಷ್ಟೇ ಅಗಲ. ಬಾಯಿ ತೆರೆದಳು. ಒಣಗಿದ ಎಲೆ ತಿಕ್ಕಿದಂಥ ಸದ್ದು ಬಂತು.

ನ್ಯಾಯಾಧೀಶ ಹುಬ್ಬು ಗಂಟಿಕ್ಕಿದ. "ಗಟ್ಟಿಯಾಗಿ ಮಾತಾಡು."

"ಮಾತಾಡ್ತಿದ್ದೆ ಸ್ವಾಮಿ. ನಿಮ್ಮೋರಿಗೆ ಹಿಡಿಸಲಿಲ್ಲ."

ನ್ಯಾಯಾಧೀಶ ಕಾಗದ ಮಗುಚಿದ. "ನಿಷೇಧಿತ ಸಂಘವನ್ನ ಮುಂದುವರಿಸಿದ ಆರೋಪ ನಿನ್ನ ಮೇಲಿದೆ. ಆ ಸಂಘಕ್ಕೆ ಬೀಗ ಹಾಕಿ ಎರಡು ವರ್ಷ ಆಗ್ತಾ ಬಂತು. ಗೊತ್ತಿಲ್ವಾ?"

"ಕೋಣೆಗೆ ಬೀಗ ಹಾಕಿದ್ದು ಗೊತ್ತು. ಆಗ ನಾನು ಒಳಗಿರಲಿಲ್ಲ."

ಎರಡೂವರೆ ವರ್ಷ ಹಾಕಿದರು. ಕೈಕೋಳದಲ್ಲಿ ಹೊರಗೆ ಕರೆದೊಯ್ಯುವಾಗ ಬೆಂಚುಗಳ ನಡುವೆ ನನ್ನನ್ನು ಕಂಡು, ಆ ಸದ್ದಿನಲ್ಲೇ, "ಆಡಿಗೆ ಉಪ್ಪು ಹಾಕೋದು ಮರೀಬೇಡ ಲೀನಾ," ಎಂದಳು.

ಜೈಲಿನಲ್ಲಿ ಕಾಗದದ ಚೀಲ ಅಂಟಿಸುವ ಕೆಲಸ ಕೊಟ್ಟಿದ್ದರಂತೆ. ಅಲ್ಲಿಯೂ ಗೋಡೆಗೆ ನಿಯಮಗಳ ಹಾಳೆ ಇತ್ತಂತೆ. ದನಿಯಿಲ್ಲದಿದ್ದರೇನು, ಸುತ್ತ ಕೂತವರಿಗೆ ಪಿಸುಗುಟ್ಟಿ ಅದನ್ನೇ ಓದಿದಳು. ಅಂಗಳದಲ್ಲಿ ನಡೆಯಲು ಬಿಡಬೇಕು ಎಂದು ಅದರಲ್ಲಿತ್ತು. ಇಡೀ ಕೋಣೆ ಚೀಲ ಕೆಳಗಿಟ್ಟು ಕೂತುಬಿಟ್ಟಿತು. ಅವಳಿಗೆ ಕತ್ತಲೆ ಕೋಣೆಯ ಶಿಕ್ಷೆ ಆಯಿತು. ಉಳಿದವರಿಗೆ ಅಂಗಳ ಸಿಕ್ಕಿತು. "ಲೆಕ್ಕ ನಷ್ಟದ್ದಲ್ಲ," ಎನ್ನುತ್ತಿದ್ದಳು.

ಅವಳು ಬಿಡುಗಡೆಯಾಗಿ ಬಂದದ್ದು ಒಂದು ಶರತ್ಕಾಲದ ಮಧ್ಯಾಹ್ನ. ನಿಲ್ದಾಣದಿಂದ ಅವಳ ಮನೆಗೆ ಹೋಗಬೇಕಾದರೆ ಕಾರ್ಖಾನೆಯ ಬಾಗಿಲು ದಾಟಲೇಬೇಕು. ಅವಳೊಂದಿಗೆ ಮಾತಾಡಿದವರ ಕೆಲಸ ಹೋಗುತ್ತದೆ ಎಂದು ಏವಾಲ್ಡ್ ಮೊದಲೇ ಸಾರಿದ್ದ. ನಾವು ಮಾತಾಡಲಿಲ್ಲ. ಊಟದ ಬಿಡುವಿನಲ್ಲಿ ಬೇಗ ಬೇಗ ಉಂಡು ಮುಗಿಸಿದ್ದೆವು. ಅವಳು ರಟ್ಟಿನ ಪೆಟ್ಟಿಗೆ ಹಿಡಿದು ಬಾಗಿಲ ಮುಂದೆ ಹಾದುಹೋಗುವುದಕ್ಕೂ ಮೇಲ್ಮಹಡಿ ಪೂರ್ತಿ ಬುತ್ತಿ ಡಬ್ಬಿ ಹಿಡಿದು ಹೊರಬರುವುದಕ್ಕೂ ಸರಿಹೋಯಿತು. ನಾವು ಅವಳ ಹಿಂದೆ ನಡೆದೆವು. ಮಾತಿಲ್ಲ, ಹಾಡಿಲ್ಲ, ಡಬ್ಬಿಗಳಲ್ಲಿ ಚಮಚ ಅಲ್ಲಾಡುವ ಸದ್ದು ಅಷ್ಟೆ.

ಏವಾಲ್ಡ್ ಓಡಿಬಂದ. "ಏನಿದು? ಯಾರು ಹೇಳಿದ್ದು ಮೆರವಣಿಗೆ ಮಾಡಿ ಅಂತ?"

ಡೊರೆಟೆ ನಿಲ್ಲದೆ ಹೇಳಿದಳು: "ಊಟ ಆಯ್ತು. ನಡೆದ್ರೆ ಅರಗತ್ತೆ ಅಂತ ಡಾಕ್ಟರು ಹೇಳಿದಾರೆ."

"ಎಲ್ಲರಿಗೂನಾ?"

"ನಮಗೆಲ್ಲ ಒಂದೇ ಹೊಟ್ಟೆ ಕಣಪ್ಪ."

ಮನೆಯ ಬೇಲಿಯವರೆಗೆ ಹೋದೆವು. ಆಲ್ವೀನಕ್ಕ ಒಳಗೆ ಹೋಗುವ ಮೊದಲು ತಿರುಗಿ ನಿಂತಳು. ತಲೆ ಮೇಲಿನ ಬಟ್ಟೆ ತೆಗೆದು ಕೈಯಲ್ಲಿ ಹಿಡಿದು ನಿಂತಳು, ನಾವೆಲ್ಲ ತಿರುಗಿ ಹೊರಡುವವರೆಗೆ. ಅವಳು ಅತ್ತದ್ದನ್ನು ನಾನು ನೋಡಿದ್ದು ಆವತ್ತೇ.

ಯುದ್ಧ ಬಂದಾಗ ಕೈಗಳು ಸಾಲದೆ ರೋಟ್‌ಹೋಫರು ಅವಳನ್ನೇ ಮತ್ತೆ ಕರೆಸಿಕೊಂಡರು. ಉಕ್ರೇನಿನಿಂದ ಎಳೆದು ತಂದ ಹುಡುಗಿಯರನ್ನು ಅವಳ ಪಕ್ಕದ ಮೇಜಿಗೆ ಕೂಡಿಸಿದರು, ಕೆಲಸ ಕಲಿಸು ಎಂದರು. ಅವರಿಗೆ ಅವಳು ಕಲಿಸಿದ ಮೊದಲ ಜರ್ಮನ್ ಮಾತು "ನಿಧಾನ". ಅವರ ಕೈ ಹಿಡಿದು, ಎಲೆಯನ್ನು ಹೇಗೆ ಸುತ್ತಿದರೆ ಇಡೀ ದಿನ ಕಳೆದರೂ ಪೆಟ್ಟಿಗೆ ತುಂಬುವುದಿಲ್ಲ ಎಂದು ತೋರಿಸಿಕೊಟ್ಟಳು. ತನ್ನ ಬುತ್ತಿಯ ಆಲೂಗಡ್ಡೆಯನ್ನು ಅವರ ಮೇಜಿನ ಕೆಳಗೆ ಉರುಳಿಸುತ್ತಿದ್ದಳು. ಅದು ಯಾರ ಕಣ್ಣಿಗಾದರೂ ಬಿದ್ದಿದ್ದರೆ ಈ ಸಲ ಎರಡೂವರೆ ವರ್ಷದಲ್ಲಿ ಮುಗಿಯುತ್ತಿರಲಿಲ್ಲ.

ನಲವತ್ತೈದರ ವಸಂತದಲ್ಲಿ ಎಲ್ಲ ಮುಗಿಯಿತು. ಮೊದಲು ಅಮೆರಿಕದವರು ಬಂದರು, ಆಮೇಲೆ ಇಂಗ್ಲಿಷರು. ಕಂದು ಅಂಗಿಗಳು ಒಂದೇ ರಾತ್ರಿಯಲ್ಲಿ ಒಲೆ ಸೇರಿದವು. ಮರುವರ್ಷ ನಾವು ಕಾರ್ಖಾನೆಯ ಸಮಿತಿಗೆ ಆಲ್ವೀನಕ್ಕನನ್ನೇ ಆರಿಸಿದೆವು. ಸಭೆಯಲ್ಲಿ ಅವಳು ಎದ್ದರೆ ಕುರ್ಚಿ ಕದಲಿಸುವವರಿರಲಿಲ್ಲ. ಆ ಒಣ ದನಿ ಕೇಳಬೇಕಾದರೆ ಎಲ್ಲರೂ ಸುಮ್ಮನಿರಲೇಬೇಕಿತ್ತು.

ಆ ದಿನಗಳಲ್ಲೇ ಏವಾಲ್ಡ್ ಅವಳ ಮನೆಗೆ ಬಂದದ್ದು. ನಾನು ಪಾತಿಯಲ್ಲಿ ಗಡ್ಡೆ ಅಗೆಯುತ್ತಿದ್ದೆ. ಪಕ್ಷದಲ್ಲಿದ್ದವರೆಲ್ಲ ತಮ್ಮ ನಡತೆ ಒಳ್ಳೆಯದಿತ್ತು ಎಂದು ಬೇರೆಯವರಿಂದ ಬರೆಸಿಕೊಂಡು ವಿಚಾರಣಾ ಸಮಿತಿಗೆ ಕೊಡಬೇಕಾಗಿತ್ತು. ಅವನ ಬುಟ್ಟಿಯಲ್ಲಿ ಮೊಟ್ಟೆಗಳಿದ್ದವು. ಆ ಬರಗಾಲದಲ್ಲಿ ಮೊಟ್ಟೆಗೆ ಚಿನ್ನದ ಬೆಲೆ.

"ನೀನು ಬರೆದುಕೊಟ್ರೆ ಸಾಕು ಆಲ್ವೀನೆ. ನಿನ್ನ ಮಾತಿಗೆ ತೂಕ ಇದೆ. ನಾನು ಯಾವತ್ತಾದ್ರೂ ನಿನ್ನ ಮೇಲೆ ಕೈ ಎತ್ತಿದ್ನಾ?"

"ಇಲ್ಲ."

"ನೋಡು ಮತ್ತೆ."

"ಬರೆಯೋದು ಬೇಡ ಏವಾಲ್ಡ್. ನಾನೇ ಬರ್ತೀನಿ. ಬಾಯಲ್ಲೇ ಹೇಳ್ತೀನಿ. ಕೈ ಎತ್ತಲಿಲ್ಲ ಅಂತಾನೂ ಹೇಳ್ತೀನಿ. ಬಾಗಿಲು ತೆಗೆದುಕೊಟ್ಟ ಅಂತಾನೂ ಹೇಳ್ತೀನಿ. ಎರಡೂ ನಿಜ ತಾನೇ?"

ಅವನು ಬುಟ್ಟಿಯನ್ನು ಮೆಟ್ಟಿಲ ಮೇಲೆ ಬಿಟ್ಟು ತಿರುಗಿದ.

"ಮೊಟ್ಟೆ ತಗೊಂಡು ಹೋಗು," ಎಂದಳು ಅವಳು. "ಹುಷಾರು, ಕಲ್ಲಿದೆ ದಾರೀಲಿ, ಎಡವಬೇಡ."

ಅವಳು ವಿಚಾರಣಾ ಸಮಿತಿಯ ಮುಂದೆ ಹೋದಳು. ಹೇಳಿದ್ದನ್ನಷ್ಟೇ ಹೇಳಿದಳು, ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ಏವಾಲ್ಡನ ಮೇಲ್ವಿಚಾರಣೆ ಹೋಯಿತು, ಕೆಲಸ ಉಳಿಯಿತು. ಕೆಳಗಿನ ಮಹಡಿಯಲ್ಲಿ ಬಣ್ಣ ವಿಂಗಡಿಸುತ್ತ ತಲೆ ತಗ್ಗಿಸಿ ಕೂತ. ಅವನನ್ನು ಕೆಲಸದಿಂದಲೇ ತೆಗೆಸಬೇಕು ಎಂದು ನಾವು ಕೆಲವರು ಹಾರಾಡಿದೆವು. ಅವಳು ಒಪ್ಪಲಿಲ್ಲ. "ಹಸಿದೋನು ಮತ್ತೆ ಯಾರದೋ ಬೂಟು ಹಾಕ್ಕೊಳ್ತಾನೆ," ಎಂದಳು. ಆದರೆ ಅವನೊಂದಿಗೆ ಅವಳು ಮತ್ತೆಂದೂ ಮಾತಾಡಲಿಲ್ಲ. ಎದುರು ಬಂದರೆ ದಾರಿ ಬಿಡುತ್ತಲೂ ಇರಲಿಲ್ಲ.

ನಲವತ್ತೇಳರ ಆ ಭಯಂಕರ ಚಳಿಗಾಲ ಮುಗಿಯುವ ಹೊತ್ತಿಗೆ ನಮ್ಮ ಹೊಟ್ಟೆಗಳು ಬೆನ್ನಿಗೆ ಅಂಟಿದ್ದವು. ಪಡಿತರದ ರೊಟ್ಟಿ ಬರಲೇ ಇಲ್ಲ. ಒಂದು ಬೆಳಿಗ್ಗೆ ಆಲ್ವೀನಕ್ಕ ಮೇಜಿನಿಂದ ಎದ್ದು, ಮುಂದಿದ್ದ ಎಲೆಗಳ ಮೇಲೆ ಒದ್ದೆ ಬಟ್ಟೆ ಮುಚ್ಚಿ, "ನಡೀರಿ," ಎಂದಳು. ನಡೆದೆವು. ರಸ್ತೆಯಲ್ಲಿ ಬೇರೆ ಕಾರ್ಖಾನೆಯವರೂ ಸೇರಿಕೊಂಡರು. ಪುರಭವನದ ಮುಂದೆ ಇಂಗ್ಲಿಷ್ ಅಧಿಕಾರಿಯೊಬ್ಬ, ಎಳೆ ವಯಸ್ಸಿನವನು, ಜೀಪಿನ ಮೇಲೆ ನಿಂತು ಏನೋ ಕೂಗಿದ. ಪಕ್ಕದ ದುಭಾಷಿ ಅದನ್ನು ಹೇಳತೊಡಗಿದ: "ಸಾರ್ವಜನಿಕ ಮೆರವಣಿಗೆಯನ್ನ..."

ಆಲ್ವೀನಕ್ಕ ಜೀಪಿನ ಹತ್ತಿರ ಹೋಗಿ ಅವನ ತೋಳು ಹಿಡಿದಳು. "ನಿಷೇಧ ಅಂತ ತಾನೇ? ಅದನ್ನ ನನಗೆ ಹೇಳ್ಬೇಡ ಮಗಾ, ಹನ್ನೆರಡು ವರ್ಷ ಕೇಳಿದೀನಿ, ಯಾವ ಭಾಷೇಲಿ ಹೇಳಿದ್ರೂ ಗೊತ್ತಾಗತ್ತೆ. ಈಗ ನಾನು ಹೇಳೋದನ್ನ ಅವನಿಗೆ ಹೇಳು. ರೊಟ್ಟಿ. ಅಷ್ಟೇ ಮಾತು. ತಪ್ಪಿಲ್ದೆ ಹೇಳು."

ದುಭಾಷಿ ಹೇಳಿದ. ಅಧಿಕಾರಿ ಅವಳನ್ನು ನೋಡಿದ. ಮುರಿದ ದನಿಯ ಆ ಎತ್ತರದ ಹೆಂಗಸನ್ನು, ಅವಳ ಹಿಂದೆ ಚೌಕದ ತುದಿಯವರೆಗೂ ನಿಂತಿದ್ದ ತಲೆಗಳನ್ನು ನೋಡಿದ. ಜೀಪಿನಿಂದ ಇಳಿದ. ಯಾರನ್ನೂ ಹಿಡಿಯಲಿಲ್ಲ.

ಮುಂದಿನ ವಾರ ರೊಟ್ಟಿ ಬಂತು. ಮೆಕ್ಕೆಜೋಳದ ಹಿಟ್ಟಿನದು. ಹಳದಿ ಬಣ್ಣ, ಮುಟ್ಟಿದರೆ ಪುಡಿಪುಡಿ, ಬಾಯಲ್ಲಿ ಮರಳು ಕಚ್ಚಿದಂತೆ. ನಾವು ಮೇಲ್ಮಹಡಿಯ ಕಿಟಕಿಯ ಪಕ್ಕ ಕೂತು ಅದನ್ನು ಅಂಗೈಯಲ್ಲಿಟ್ಟುಕೊಂಡು ತಿಂದೆವು. ಆಲ್ವೀನಕ್ಕ ಒಂದು ತುಂಡು ಅಗಿದು, ಮುಖ ಕಿವುಚಿ, ಅಂಗೈಗೆ ಅಂಟಿದ ಪುಡಿಯನ್ನೂ ನೆಕ್ಕಿದಳು.

"ಥೂ, ದರಿದ್ರ ರೊಟ್ಟಿ," ಎಂದಳು. "ತಿನ್ನಿ, ತಿನ್ನಿ. ಇನ್ನೂ ಚೆನ್ನಾಗಿರೋದನ್ನ ನಾಳೆ ಹೋಗಿ ಕೇಳೋಣ."